ದಾವಣಗೆರೆಯಲ್ಲಿ ಬೀದಿಯಲ್ಲಿ ಮಲಗುವವರಿಗಾಗಿ ಹಳೇ ಗೋದಾಮು ಬಾಡಿಗೆಗೆ ಹಿಡಿದಿದ್ದೇವೆ, ರಿಪೇರಿಗೆ ಎಷ್ಟು ಖರ್ಚು ಬರಬಹುದು?

"ಮಾಲೀಕರು ತುಂಬಾ ಒಳ್ಳೆಯವರು, 11 ತಿಂಗಳ ಕರಾರು ಮಾಡಿಕೊಂಡು ವರ್ಷವರ್ಷ ಮುಂದುವರಿಸೋಣ ಅಂದಿದ್ದಾರೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಎದೆ ಧಸಕ್ಕೆಂದಿತು. ನಮ್ಮ ಮಾಲೀಕರೂ ಒಳ್ಳೆಯವರೇ. ಚಹಾ ಕುಡಿಸದೆ ಒಂದು ದಿನವೂ ಕಳಿಸಿದವರಲ್ಲ.

ನಂದು ಹುಬ್ಬಳ್ಳಿಯ ಕಥೆ. ಸ್ಟೇಶನ್ ರೋಡಿನ ಅಂಗಡಿ ಕಟ್ಟೆಗಳ ಮೇಲೆ ರಾತ್ರಿ ಮಲಗುವವರನ್ನು ಮಾತಾಡಿಸಿ ನೋಡಿ. ಹಮಾಲರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಮದುವೆ ಅಡುಗೆಗೆ ಹೋಗುವ ಹೆಂಗಸರು. ದುಡಿಯುವವರೇ, ಬಾಡಿಗೆ ಮನೆ ಹಿಡಿಯುವಷ್ಟು ದುಡಿಮೆ ಇಲ್ಲ ಅಷ್ಟೆ. ನಾವು ನಾಲ್ಕು ಜನ ಗೆಳೆಯರು ಸೇರಿ ಸ್ಟೇಶನ್ನಿಂದ ಹತ್ತು ನಿಮಿಷದ ಹಾದಿಯಲ್ಲಿ ಒಂದು ಹಳೇ ಹತ್ತಿ ಗೋದಾಮು ಹಿಡಿದೆವು. ಕಲ್ಲಿನ ಗೋಡೆ, ಮಂಗಳೂರು ಹೆಂಚು, ನೆಲದ ಮೇಲೆ ಗೇಣುದ್ದ ಪಾರಿವಾಳದ ಹಿಕ್ಕೆ. 2,600 ಚದರಡಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಕನಿಷ್ಠ 50 ಚದರಡಿ ಅಂತಿತ್ತು, ಆ ಲೆಕ್ಕಕ್ಕೆ 50 ಜನ ಆರಾಮಾಗಿ ಹಿಡಿಸುತ್ತಾರೆ ಅಂದುಕೊಂಡೆವು. ಮುಂಗಡ 2 ಲಕ್ಷ, ತಿಂಗಳಿಗೆ 18,000.

ನೀವು ಕೇಳಿದ ಖರ್ಚು ಹೇಳಿಬಿಡುತ್ತೇನೆ. ಐದು ಪಾಯಖಾನೆ, ನಾಲ್ಕು ಬಚ್ಚಲು, ಗುಂಡಿ, ಟ್ಯಾಂಕು ಸೇರಿ 2,10,000. ಹೆಂಚು ತೆಗೆದು ಹೊದಿಸಿದ್ದು 95,000. ವೈರಿಂಗ್ 80,000. ನೆಲ 1 ಲಕ್ಷ. ಬೀಗದ ಕಪಾಟು 55,000. ಒಟ್ಟು 5,40,000. ಇದರಲ್ಲಿ ನಾನು ಒಂಚೂರೂ ಪಶ್ಚಾತ್ತಾಪ ಪಡದ ಖರ್ಚು ಅಂದರೆ ಕಪಾಟು. ಬೀದಿಯಲ್ಲಿ ಮಲಗುವವರು ಚೀಲವನ್ನೇ ತಲೆದಿಂಬು ಮಾಡಿಕೊಳ್ಳೋದು ಯಾಕೆ ಅಂತ ಮೊದಲ ವಾರ ತಿಳಿಯಿತು. ಒಬ್ಬ ಹಮಾಲ ಒಳಗೆ ಬಂದವನೇ ಹಾಸಿಗೆ ನೋಡಲಿಲ್ಲ, ಮೂಟೆ ಎತ್ತುವ ಕಬ್ಬಿಣದ ಹುಕ್ಕನ್ನು ಕಪಾಟಿನಲ್ಲಿಟ್ಟು, ಬೀಗ ಮೂರು ಸಲ ಜಗ್ಗಿ ನೋಡಿ, ಆಮೇಲೆ ಮಲಗಿದ.

ಈಗ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಕರಾರಿಗೆ ಮುಂಚೆ ನಾನು ಗೋದಾಮಿನ ಋಣಭಾರ ಪತ್ರ (ಇಸಿ) ತೆಗೆಸಿದ್ದೆ. 30 ವರ್ಷದ್ದು, ಏನೂ ಇಲ್ಲ ಅಂತ ನಮೂನೆ 16 ಬಂತು. ಗೆಳೆಯರ ಮುಂದೆ ಕಾಲರ್ ಏರಿಸಿಕೊಂಡೆ. ಆದರೆ ಇಸಿಯಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ. ಮಾರಾಟ, ಅಡಮಾನ, ವಿಭಾಗ ಪತ್ರ ಅಂಥವು. ಮನುಷ್ಯ ಸತ್ತದ್ದನ್ನು ಉಪನೋಂದಣಿ ಕಚೇರಿಯಲ್ಲಿ ಯಾರೂ ಬರೆಸುವುದಿಲ್ಲ. ಕರೆಂಟ್ ಬಿಲ್ಲು ನನ್ನ ಕೈಯಲ್ಲೇ ಇತ್ತು, ವೈರಿಂಗಿನವನಿಗೆ ತೋರಿಸಲು ವಾರಗಟ್ಟಲೆ ಶರ್ಟಿನ ಜೇಬಲ್ಲಿಟ್ಟುಕೊಂಡು ಓಡಾಡಿದ್ದೇನೆ. ಅದರಲ್ಲಿದ್ದದ್ದು ಮಾಲೀಕರ ಹೆಸರಲ್ಲ, ಅವರ ತಂದೆಯದು. ಕೇಳಿದೆ ಕೂಡ. "ಅಪ್ಪಾರು ಹೋಗಿ ಒಂಬತ್ತ್ ವರ್ಷ ಆತ್ರಿ, ಹೆಸರು ಬದಲ್ ಮಾಡ್ಸೋದ್ ಹಂಗ ಉಳದೈತಿ" ಅಂದರು. ನಾನು ಸುಮ್ಮನಾದೆ. ಅಪ್ಪ ಹೋಗಿದ್ದಾರೆ, ಉಯಿಲು ಇಲ್ಲ, ಖಾತೆ ಬದಲಾಗಿಲ್ಲ ಅಂದರೆ ಆ ಗೋದಾಮು ಇವರೊಬ್ಬರದ್ದಲ್ಲ. ತಾಯಿ ಇದ್ದರೆ ತಾಯಿಗೆ, ಪ್ರತಿ ಮಗನಿಗೆ, ಪ್ರತಿ ಮಗಳಿಗೆ ಪಾಲಿದೆ. ಅಪ್ಪನ ಸ್ವಂತ ಗಳಿಕೆಯಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಪಿತ್ರಾರ್ಜಿತವಾದರೆ ಅದರ 2005ರ ತಿದ್ದುಪಡಿ, ಯಾವ ದಾರಿ ಹಿಡಿದರೂ ಹೆಣ್ಣುಮಕ್ಕಳನ್ನು ಬಿಟ್ಟು ಲೆಕ್ಕ ಮುಗಿಯುವುದಿಲ್ಲ. ನಮ್ಮ ಕರಾರಿನಲ್ಲಿದ್ದದ್ದು ಒಂದೇ ಸಹಿ.

ಎಂಟನೇ ತಿಂಗಳಲ್ಲಿ ಮಾಲೀಕರ ಇಬ್ಬರು ಅಕ್ಕತಂಗಿಯರು ಬಂದರು. ಜಗಳವಾಡಲಿಲ್ಲ. ಚಿಕ್ಕವರು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು, ನೀರು ಬಂತು. "ನಮ್ಮಪ್ಪನ ಕಾಲದಾಗ ಇಲ್ಲಿ ಕುಡಿಯಾಕೂ ನೀರಿರಲಿಲ್ಲರಿ" ಅಂತ ನಕ್ಕರು. ಮುಂದಿನ ವಾರ ವಕೀಲರ ನೋಟಿಸ್ ಬಂತು. ಮಾಲೀಕರ ಮೇಲೆ ಆಸ್ತಿ ವಿಭಾಗದ ದಾವೆ, ನಾವು ಮಧ್ಯದಲ್ಲಿ.

11 ತಿಂಗಳು ಯಾಕೆ ಅಂತ ನಿಮಗೆ ಗೊತ್ತಿರಬಹುದು. ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಈ ಉಪಾಯ. ಮನೆ ಬಾಡಿಗೆಗೆ ಸರಿ. ಐದು ಪಾಯಖಾನೆ ಕಟ್ಟಿಸುವವನಿಗೆ ಅಲ್ಲ. ಹಾಕಿದ್ದನ್ನು ಬಿಚ್ಚಿಕೊಂಡು ಹೋಗಬಹುದು ಅಂತ ಕಾನೂನಿನಲ್ಲಿದೆಯಂತೆ. ಖಾಲಿ ಮಾಡುವಾಗ ಕಪಾಟು, ಫ್ಯಾನು ಬಿಚ್ಚಿದೆವು. ಪಾಯಖಾನೆ ಗುಂಡಿಯನ್ನು ಬಿಚ್ಚೋದು ಹೇಗೆ?

ಅದಕ್ಕೇ ಖರ್ಚು ಎಷ್ಟು ಅನ್ನುವ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಖಾಸಗಿ ಕಟ್ಟಡಕ್ಕೆ ಸಿಮೆಂಟ್ ಹಾಕಲೇಬೇಡಿ. ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನದ 24 ಗಂಟೆ, ವರ್ಷವಿಡೀ ತೆರೆದಿರುವ ವಸತಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಗಣತಿಯಲ್ಲೇ ದಾವಣಗೆರೆ 4 ಲಕ್ಷ ದಾಟಿತ್ತು, ಎಣಿಸಿಕೊಳ್ಳಿ. ಪಾಲಿಕೆಯ ಖಾಲಿ ಕಟ್ಟಡ, ಮುಚ್ಚಿದ ಶಾಲೆ ಕೇಳಿ. ಬಾಗಿಲು ಸವೆಯುವಷ್ಟು ಅಲೆಯಬೇಕಾಗುತ್ತದೆ, ಆದರೆ ಪಾಲಿಕೆಗೆ ಅಕ್ಕತಂಗಿಯರಿಲ್ಲ. ಗೋದಾಮೇ ಬೇಕು ಅಂತ ಹಟವಿದ್ದರೆ ವಂಶವೃಕ್ಷ ತರಿಸಿ, ಅದರಲ್ಲಿರುವ ಬದುಕಿರುವ ಪ್ರತಿಯೊಬ್ಬರ ಸಹಿ ಹಾಕಿಸಿ, ಕನಿಷ್ಠ ಐದು ವರ್ಷಕ್ಕೆ ನೋಂದಾಯಿಸಿ. ಒಳ್ಳೆಯ ಮಾಲೀಕರು ಇದಕ್ಕೆ ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಇನ್ನೊಂದು ಮಾತು, ಬೋರ್ಡಿನ ಮೇಲೆ "ನಿರಾಶ್ರಿತರ" ಅಂತ ಬರೆಸಬೇಡಿ. ನಮ್ಮ ರಾಜ್ಯದಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಅಂದರೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಹಿಡಿದವರನ್ನು ಇಡುವ ಜಾಗ. ಆ ಪದ ಓದಿ ಮೊದಲ ನಾಲ್ಕು ರಾತ್ರಿ ನಮ್ಮಲ್ಲಿಗೆ ಯಾರೂ ಬರಲಿಲ್ಲ. "ರಾತ್ರಿ ವಸತಿ" ಅಂತ ಬದಲಿಸಿದ ಮೇಲೆ ಬಂದರು.

ಮುಂಗಡದಲ್ಲಿ 1,20,000 ವಾಪಸ್ ಬಂತು. ಗೋದಾಮಿನಲ್ಲಿ ಈಗ ಟೈರ್ ಅಂಗಡಿ ಇದೆ, ಒಮ್ಮೆ ಪಂಕ್ಚರ್ ನೆಪದಲ್ಲಿ ಹೋಗಿ ನೋಡಿ ಬಂದೆ. ಐದು ಪಾಯಖಾನೆಯಲ್ಲಿ ನಾಲ್ಕರಲ್ಲಿ ಟ್ಯೂಬು ತುಂಬಿಟ್ಟಿದ್ದಾರೆ.

ನಿಮ್ಮ ಗೋದಾಮಿನ ಕರೆಂಟ್ ಬಿಲ್ಲು ಯಾರ ಹೆಸರಲ್ಲಿದೆ? ನಾಳೆ ನೋಡಿ ಇಲ್ಲೇ ಕೆಳಗೆ ಬರೆಯಿರಿ, ಆಮೇಲೆ ಖರ್ಚಿನ ಲೆಕ್ಕ ಮಾಡೋಣ.