ಗುದನಾಳದ ಕ್ಯಾನ್ಸರ್: ರೇಡಿಯೇಷನ್ ಆಪರೇಷನ್‌ಗೆ ಮೊದಲೋ, ಆಮೇಲೋ?

ಯಾವಾಗ ಕೊಟ್ಟರೆ ರೋಗಿ ಜಾಸ್ತಿ ದಿನ ಬದುಕುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆ ಅಲ್ವಾ? ಆಯಸ್ಸಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೂ ರೇಡಿಯೇಷನ್ ಬೇಕೇ ಬೇಕು ಎಂದಾದರೆ ಮೊದಲೇ ಕೊಡುವುದು ಮೇಲು.

2004ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ ನೋಡಿ. 800ಕ್ಕೂ ಹೆಚ್ಚು ರೋಗಿಗಳು. ಅರ್ಧದಷ್ಟು ಜನಕ್ಕೆ ಕೀಮೋ ಜೊತೆ ರೇಡಿಯೇಷನ್ ಮೊದಲು, ಉಳಿದವರಿಗೆ ಆಪರೇಷನ್ ಆದ ಮೇಲೆ. 5 ವರ್ಷಕ್ಕೆ ಬದುಕಿದ್ದವರು ಕ್ರಮವಾಗಿ 76% ಮತ್ತು 74%, ಹೆಚ್ಚುಕಮ್ಮಿ ಒಂದೇ. ಆದರೆ ಅದೇ ಜಾಗದಲ್ಲಿ ಗಡ್ಡೆ ಮರಳಿದ್ದು ಮೊದಲ ಗುಂಪಿನಲ್ಲಿ 6%, ಇನ್ನೊಂದರಲ್ಲಿ 13%. ಕಿಬ್ಬೊಟ್ಟೆಯೊಳಗೆ ಮರಳಿದ ಗಡ್ಡೆ ನರಗಳನ್ನು ಒತ್ತಿ ವಿಪರೀತ ನೋವು ಕೊಡುತ್ತದೆ, ಹಾಗಾಗಿ ಇದು ಸಣ್ಣ ಲಾಭ ಅಲ್ಲವೇ ಅಲ್ಲ. ತೀವ್ರ ಅಡ್ಡಪರಿಣಾಮಗಳೂ ಕಡಿಮೆ: 27%, ಆಮೇಲೆ ಕೊಟ್ಟವರಲ್ಲಿ 40%. ಆಪರೇಷನ್ ಆದ ಮೇಲೆ ಸಣ್ಣ ಕರುಳು ಖಾಲಿಯಾದ ಜಾಗಕ್ಕೆ ಜಾರುತ್ತದೆ, ಅದಕ್ಕೂ ಸುಮ್ನೆ ಕಿರಣ ತಗಲುತ್ತದೆ.

1997ರ ಸ್ವೀಡನ್ ಅಧ್ಯಯನದಲ್ಲಿ, ಬರೀ ಆಪರೇಷನ್‌ಗೆ ಹೋಲಿಸಿದರೆ, ಮೊದಲು ಕೊಟ್ಟ 5 ದಿನದ ರೇಡಿಯೇಷನ್‌ನಿಂದ 5 ವರ್ಷ ಬದುಕಿದವರು 48%ರಿಂದ 58%ಕ್ಕೆ ಏರಿದ್ದರು. ಆದರೆ ಅದು ಹಳೆಯ ಆಪರೇಷನ್ ವಿಧಾನದ ಕಾಲ.

ತೀರಾ ಆರಂಭದ ಗಡ್ಡೆಗೆ ಹೆಚ್ಚಾಗಿ ರೇಡಿಯೇಷನ್ನೇ ಬೇಡ. ಎಂಆರ್‌ಐ ವರದಿ ಇಟ್ಟುಕೊಂಡು, ಚಾಕು ಹಾಕುವ ಮೊದಲೇ ಸರ್ಜನ್ ಮತ್ತು ರೇಡಿಯೇಷನ್ ಡಾಕ್ಟರ್ ಇಬ್ಬರನ್ನೂ ಕೇಳಿ.