ಸೊನ್ನೆ ಸ್ಯಾಕ್‌ನ ದೊಡ್ಡ ಆಟಗಾರ

ಡೆಲವೇರ್‌ನಲ್ಲಿ ಮಗಳ ಮನೆಗೆ ಹೋಗಿರುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ಇಲ್ಲಿ ಮನೆಮಂದಿಯೆಲ್ಲ ಅಮೆರಿಕನ್ ಫುಟ್‌ಬಾಲ್ ತಂಡ ಫಿಲಡೆಲ್ಫಿಯಾ ಈಗಲ್ಸ್ ಕಡೆ. 2025ರ ಫೆಬ್ರವರಿಯ ಸೂಪರ್ ಬೌಲ್ ಫೈನಲ್‌ನ ರೆಕಾರ್ಡಿಂಗನ್ನು ಅಳಿಯ ನನಗೆ ಮೂರು ಸಲ ತೋರಿಸಿದ್ದಾನೆ. ಈಗಲ್ಸ್ ಡಿಫೆನ್ಸ್‌ನ ಜೇಲನ್ ಕಾರ್ಟರ್ ಅವತ್ತು ಭರ್ಜರಿ ಆಡಿದ ಅನ್ನುತ್ತಾನೆ. ನಿಮ್ಮ ಕಳೆದ ಸಂಚಿಕೆಯ ಪಟ್ಟಿಯಲ್ಲಿ ನೋಡಿದರೆ ಅವನ ಹೆಸರೇ ಇಲ್ಲ. ಸ್ಯಾಕ್ ಅಂದ್ರೆ ನಮ್ಮ ವಿಕೆಟ್ ಇದ್ದ ಹಾಗೆ ಅಲ್ವಾ? ವಿಕೆಟ್ಟೇ ಇಲ್ಲದ ಬೌಲರ್ ದೊಡ್ಡವನು ಹೇಗೆ? ಜಾಸ್ತಿ ಸ್ಯಾಕ್ ಇರುವ ಒಬ್ಬನನ್ನು ದುಡ್ಡು ಸುರಿದು ತಂದರೆ ಡಿಫೆನ್ಸ್ ಸರಿಹೋಗುತ್ತೆ ಅಂತಲೂ ಅಳಿಯನ ವಾದ. ಯಾರು ಸರಿ?"

ಮೊದಲನೆಯದರಲ್ಲಿ ನಿಮ್ಮ ಅಳಿಯಂದಿರು ಸರಿ. ಎರಡನೆಯದರಲ್ಲಿ ಅಲ್ಲ. ಆ ಪಟ್ಟಿ ಮಾತ್ರ ನಮ್ಮದೇ ಎಡವಟ್ಟು. ಜಾಗ ಕಡಿಮೆ ಇತ್ತು ಅಂತ ಸ್ಯಾಕ್ ಲೆಕ್ಕವನ್ನಷ್ಟೇ ಹಾಕಿದೆವು.

ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಎಸೆಯುವ ಮೊದಲೇ ಅವನನ್ನು ಕೆಡವಿದರೆ ಸ್ಯಾಕ್. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಅವತ್ತು ಎದುರಾಳಿ ಕ್ಯಾನ್ಸಸ್ ಸಿಟಿ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆರು ಸಲ ಬಿದ್ದ. ಈಗಲ್ಸ್‌ನ ಜಾಶ್ ಸ್ವೆಟ್‌ಗೆ ಎರಡೂವರೆ, ಮಿಲ್ಟನ್ ವಿಲಿಯಮ್ಸ್‌ಗೆ ಎರಡು, ಜಾರ್ಡನ್ ಡೇವಿಸ್‌ಗೆ ಒಂದು, ಜೇಲಿಕ್ಸ್ ಹಂಟ್‌ಗೆ ಅರ್ಧ. ಲೆಕ್ಕ ಮುಗಿಯಿತು. ಕಾರ್ಟರ್‌ಗೆ ಸೊನ್ನೆ.

ಈಗ ಅದೇ ರೆಕಾರ್ಡಿಂಗನ್ನು ನಾಲ್ಕನೇ ಸಲ ಹಾಕಿಸಿ. ಚೆಂಡನ್ನು ನೋಡಬೇಡಿ. ನಡುವೆ ಬಗ್ಗಿ ನಿಂತಿರುವ 98ನೇ ನಂಬರಿನ ಕಾರ್ಟರ್‌ನನ್ನು ನೋಡಿ. ಸುಮಾರು 140 ಕೆ.ಜಿ. ತೂಕದ ಆಳು. ಚೆಂಡು ಹಿಂದೆ ಸರಿದ ಕೂಡಲೇ ಎದುರಿನ ಕಾವಲು ಸಾಲಿನ ಗಾರ್ಡ್ ಅವನ ಎದೆಗೆ ಕೈ ಕೊಡುತ್ತಾನೆ, ಪಕ್ಕದ ಸೆಂಟರ್ ಭುಜ ಒತ್ತಿ ಬಂದು ಸೇರಿಕೊಳ್ಳುತ್ತಾನೆ. ಒಬ್ಬನಿಗೆ ಇಬ್ಬರು. ಚೀಫ್ಸ್‌ಗೆ ಕಾವಲಿರುವ ಲೈನ್‌ಮೆನ್ ಒಟ್ಟು ಐದೇ ಜನ. ಇಬ್ಬರು ಇಲ್ಲಿ ಸಿಕ್ಕಿಕೊಂಡರೆ ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗುವ ಉಳಿದ ಮೂವರು ರಷರ್‌ಗಳಿಗೆ ಮೂವರೇ. ಸ್ವೆಟ್ ಮತ್ತು ವಿಲಿಯಮ್ಸ್‌ಗೆ ಒಬ್ಬೊಬ್ಬನನ್ನು ದಾಟಿದರೆ ಸಾಕಾಗಿದ್ದು ಹಾಗೆ. ನಿಮ್ಮ ವಿಕೆಟ್ ಹೋಲಿಕೆಯನ್ನೇ ತಗೊಳ್ಳಿ. ಒಂದು ತುದಿಯಿಂದ ರನ್ ಕೊಡದೆ ಕಟ್ಟಿಹಾಕಿದವನಿಗೆ ಏನೂ ಸಿಗಲ್ಲ, ಬ್ಯಾಟ್ಸ್‌ಮನ್ ತಾಳ್ಮೆ ಕಳಕೊಂಡು ಇನ್ನೊಂದು ತುದಿಯಲ್ಲಿ ಔಟಾಗ್ತಾನೆ. ಎಷ್ಟು ಸಲ ನೋಡಿಲ್ಲ ನಾವು!

ಇನ್ನೊಂದು ಸಂಗತಿಗೆ ನಾನು ಇನ್ನೂ ಜಾಸ್ತಿ ಬೆಲೆ ಕೊಡುತ್ತೇನೆ. ಐದು ಅಥವಾ ಹೆಚ್ಚು ಜನ ನುಗ್ಗಿದರೆ ಅದಕ್ಕೆ ಬ್ಲಿಟ್ಜ್ ಅನ್ನುತ್ತಾರೆ. ಮಹೋಮ್ಸ್ 42 ಸಲ ಎಸೆಯಲು ಹಿಂದೆ ಸರಿದಾಗ ಈಗಲ್ಸ್‌ನ ಡಿಫೆನ್ಸ್ ಕೋಚ್ ವಿಕ್ ಫಾಂಜಿಯೋ ಒಮ್ಮೆಯೂ ಬ್ಲಿಟ್ಜ್ ಮಾಡಿಸಲಿಲ್ಲ. ನಾಲ್ವರಿಂದಲೇ ಕೆಲಸ ಆದರೆ ಏಳು ಜನ ಹಿಂದೆ ಉಳಿದು ಚೆಂಡು ಹಿಡಿಯುವವರನ್ನು ಕಾಯಬಹುದು. ಎಸೆಯಲು ಜಾಗವೇ ಕಾಣದೆ ಮಹೋಮ್ಸ್ ಇನ್ನರ್ಧ ಸೆಕೆಂಡ್ ಕಾದ. ಆ ಅರ್ಧ ಸೆಕೆಂಡಿನಲ್ಲೇ ಸ್ವೆಟ್ ಬಂದು ಬಿದ್ದ. ಹಾಗಾಗಿ ಸ್ಯಾಕ್‌ನಲ್ಲಿ ಒಂದು ಪಾಲು ಹಿಂದಿದ್ದ ಹುಡುಗರದ್ದೂ ಹೌದು. ಕ್ವಿನ್ಯನ್ ಮಿಚೆಲ್, ಕೂಪರ್ ಡಿಜೀನ್ ಇಬ್ಬರಿಗೂ ಅದು ಮೊದಲ ವರ್ಷ. ಎರಡನೇ ಕ್ವಾರ್ಟರ್‌ನಲ್ಲಿ ಸಾಲಾಗಿ ಎರಡು ಸ್ಯಾಕ್ ಬಿದ್ದವಲ್ಲ, ಅದರ ಮುಂದಿನ ಆಟದಲ್ಲೇ ಮಹೋಮ್ಸ್ ಬಲಕ್ಕೆ ಓಡುತ್ತಾ ಎಸೆದ ಚೆಂಡನ್ನು ಡಿಜೀನ್ ಕಿತ್ತುಕೊಂಡು 38 ಗಜ ಓಡಿ ಟಚ್‌ಡೌನ್ ಮಾಡಿದ. ಅವತ್ತು ಅವನ 22ನೇ ಹುಟ್ಟುಹಬ್ಬ. ಆ ಆಟ ಸ್ಯಾಕ್ ಲೆಕ್ಕಕ್ಕೆ ಬರಲ್ಲ. ಆದರೆ ಎರಡು ಸಲ ನೆಲ ಕಂಡವನ ಅವಸರ ಆ ಎಸೆತದಲ್ಲಿ ಇತ್ತು ಅಂತ ನನಗೆ ಅನಿಸುತ್ತೆ. ಮೊದಲರ್ಧದಲ್ಲಿ ಚೀಫ್ಸ್ ಗಳಿಸಿದ್ದು ಬರೀ 23 ಗಜ. ಕೊನೆಗೆ 40-22 ಅಂತ ಕಂಡರೂ ಆಟ ಯಾವತ್ತೋ ಮುಗಿದಿತ್ತು.

ಎದುರಾಳಿಯ ಕಡೆಯೂ ಸ್ವಲ್ಪ ನೋಡಬೇಕು. ಚೀಫ್ಸ್‌ನ ಜೋ ಥೂನಿ ಮೂಲತಃ ಗಾರ್ಡ್. ಗತಿಯಿಲ್ಲದೆ ಅವನನ್ನು ಕಾವಲು ಸಾಲಿನ ಎಡ ತುದಿಯ ಟ್ಯಾಕಲ್ ಜಾಗದಲ್ಲಿ ನಿಲ್ಲಿಸಿದ್ದರು. ಈಗಲ್ಸ್ ಹೊಗಳುವಾಗ ಇದನ್ನು ಮರೆಯಬಾರದು.

ಸ್ಯಾಕ್ ಸಂಖ್ಯೆ ಎಷ್ಟು ಮೋಸ ಮಾಡುತ್ತೆ ಅನ್ನೋದಕ್ಕೆ ಹಳೆಯದೊಂದು. 2001ರ ಸೀಸನ್‌ನ ಕೊನೆಯ ಪಂದ್ಯದಲ್ಲಿ ಮೈಕಲ್ ಸ್ಟ್ರಾಹನ್ ಒಂದೇ ಸೀಸನ್‌ಗೆ 22.5 ಸ್ಯಾಕ್‌ನ ಆಗಿನ ದಾಖಲೆ ಮಾಡಿದ್ದು ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್‌ನನ್ನು ಕೆಡವಿ. ಕೆಡವಿ ಅನ್ನೋದು ದೊಡ್ಡ ಮಾತಾಯಿತು. ಫಾವ್ರ್ ತಾನೇ ಜಾರಿ ಮಲಗಿದ, ಇವನು ಹೋಗಿ ಮುಟ್ಟಿದ. ಲೆಕ್ಕದಲ್ಲಿ ಅದೂ ಒಂದು.

ಇನ್ನು ದುಡ್ಡಿನ ವಿಷಯ. ಅಳಿಯಂದಿರಿಗೆ ಬ್ರೈಸ್ ಹಫ್ ಹೆಸರು ನೆನಪಿಸಿ, ಮುಖ ಸಪ್ಪಗಾದೀತು. 2023ರಲ್ಲಿ ನ್ಯೂಯಾರ್ಕ್ ಜೆಟ್ಸ್‌ಗೆ ಹತ್ತು ಸ್ಯಾಕ್ ಮಾಡಿದ್ದ. ಈಗಲ್ಸ್ ಮೂರು ವರ್ಷಕ್ಕೆ 5.1 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಬಂದ ವರ್ಷ ಎರಡೂವರೆ ಸ್ಯಾಕ್. ನಡುವೆ ಮಣಿಕಟ್ಟಿನ ಆಪರೇಷನ್ ಕೂಡ ಆಯಿತು, ಪಾಪ. ಸೂಪರ್ ಬೌಲ್ ದಿನ ಅವನನ್ನು ಆಡಿಸಲೇ ಇಲ್ಲ. ಜೆಟ್ಸ್‌ನಲ್ಲಿ ಅವನ ಕೆಲಸ ಹೆಚ್ಚಾಗಿ ಎದುರಾಳಿ ಎಸೆಯುವುದು ಖಾತ್ರಿ ಇದ್ದಾಗ ಒಳಗೆ ಬಂದು ನುಗ್ಗುವುದು. ಫಾಂಜಿಯೋ ಹತ್ತಿರ ಹೊರತುದಿಯವನು ಓಟವನ್ನೂ ತಡೀಬೇಕು, ಬೇಕಾದಾಗ ಹಿಂದೆ ಸರಿದು ಕಾವಲನ್ನೂ ಕಾಯಬೇಕು. ಹತ್ತು ಸ್ಯಾಕ್ ಕೊಂಡರು, ಅವು ಬಂದ ಜಾಗವನ್ನು ಕೊಳ್ಳಲು ಆಗಲಿಲ್ಲ.

ಅದೇ ವರ್ಷ ಝ್ಯಾಕ್ ಬಾನ್‌ನನ್ನು 35 ಲಕ್ಷ ಡಾಲರ್‌ಗೆ ಒಂದೇ ವರ್ಷಕ್ಕೆ ತಂದರು. ನ್ಯೂ ಆರ್ಲಿಯನ್ಸ್‌ನಲ್ಲಿ ಹೊರತುದಿಯಲ್ಲೂ ಆಡಿದ್ದವನನ್ನು ಒಳಗಿನ ಲೈನ್‌ಬ್ಯಾಕರ್, ಅಂದರೆ ಮುಂದಿನ ಸಾಲಿನ ಹಿಂದೆ ನಡುವೆ ನಿಲ್ಲುವವನಾಗಿ ಮಾಡಿದರು. ಸೀಸನ್ ಮುಗಿಯುವಷ್ಟರಲ್ಲಿ ಅವನು ವರ್ಷದ ಶ್ರೇಷ್ಠರನ್ನು ಆರಿಸುವ ಆಲ್-ಪ್ರೋ ಪಟ್ಟಿಯ ಮೊದಲ ತಂಡದಲ್ಲಿದ್ದ. ಸೂಪರ್ ಬೌಲ್‌ನಲ್ಲೂ ಮಹೋಮ್ಸ್‌ನ ಒಂದು ಚೆಂಡು ಕಸಿದ. ನನ್ನ ಮಟ್ಟಿಗೆ ಆ ವರ್ಷದ ಒಳ್ಳೇ ವ್ಯಾಪಾರ ಅದೇ.

ನೀವು ಊರಿಗೆ ಹೊರಡುವ ಮೊದಲು ಒಂದು ಕೆಲಸ ಮಾಡಿಕೊಡಿ. ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದು, 98ರ ಮೇಲೆ ಇಬ್ಬರು ಬಿದ್ದದ್ದು ಎಷ್ಟು ಸಲ, ಒಬ್ಬನೇ ಇದ್ದದ್ದು ಎಷ್ಟು ಸಲ ಅಂತ ಗುರುತು ಹಾಕಿ. ರಿಮೋಟ್ ಅಳಿಯಂದಿರ ಕೈಲಿ ಇರಲಿ. ಹಾಳೆಯ ಫೋಟೋ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ, ಕಳೆದ ಸಲದ ಪಟ್ಟಿ ಇದ್ದ ಜಾಗದಲ್ಲೇ ಹಾಕುತ್ತೇವೆ.

— ಸಂಪಾದಕ