ಬೀಳಿನಲ್ಲಿ ದನ, ಕೂಳೆಯಲ್ಲಿ ಕುರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆರು ಎಕರೆ ಕೆಂಪು ಮಣ್ಣಿನ ಬೀಳು ಇದೆ, ಪಕ್ಕದಲ್ಲೇ ಶೇಂಗಾ ಮತ್ತು ರಾಗಿ ಹೊಲ. ನಾಲ್ಕು ದನ, ಮೂವತ್ತು ಕುರಿ ಸಾಕಿದ್ದೇವೆ. ಮಳೆ ಹಿಡಿದಾಗ ಹುಲ್ಲು ಮೊಣಕಾಲೆತ್ತರ ಬರುತ್ತದೆ, ದೀಪಾವಳಿ ಹೊತ್ತಿಗೆ ನೆಲ ಬೋಳಾಗಿರುತ್ತದೆ. ಜಾಗ ಸಾಲದೋ, ಮೇಯಿಸುವ ಕ್ರಮ ತಪ್ಪೋ?
— ಹಿರಿಯೂರು ತಾಲ್ಲೂಕಿನ ಓದುಗರು

ಉತ್ತರ: ಎರಡೂ ಇರಬಹುದು. ಮೊದಲು ಹುಲ್ಲನ್ನು ಅಳೆಯಿರಿ, ಕಣ್ಣಂದಾಜು ಬೇಡ. ಬಿದಿರು ಕಡ್ಡಿಗಳಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಕಟ್ಟಿಕೊಂಡು ಬೀಳಿನ ಬೇರೆ ಬೇರೆ ಕಡೆ ಎಂಟು-ಹತ್ತು ಸಲ ಎಸೆಯಿರಿ. ಹುಲ್ಲು ಸೊಂಪಾಗಿರುವ ಕಡೆಗೇ ಎಸೆಯುವ ಚಪಲ ಎಲ್ಲರಿಗೂ ಇರುತ್ತದೆ; ಕಲ್ಲುನೆಲಕ್ಕೆ ಬಿದ್ದರೆ ಅದೂ ಲೆಕ್ಕಕ್ಕೆ ಸೇರಲಿ. ಚೌಕದೊಳಗಿನದನ್ನು ಬುಡಕ್ಕೆ ಕೊಯ್ದು, ದನ ಮುಟ್ಟದ ಪಾರ್ಥೇನಿಯಂ, ತಂಗಡಿಗಳನ್ನು ಆರಿಸಿ ಎಸೆದು, ಉಳಿದದ್ದನ್ನು ಗರಿಗರಿಯಾಗುವಂತೆ ಒಣಗಿಸಿ ತೂಗಿ. ಚೌಕಕ್ಕೆ ಸರಾಸರಿ 250 ಗ್ರಾಂ ಬಂದರೆ ಎಕರೆಗೆ ಸುಮಾರು ಒಂದು ಟನ್ ಒಣಮೇವು.

ಅದರಲ್ಲಿ ಅರ್ಧ ನೆಲದ ಪಾಲು. ಉಳಿದ ಎಲೆಯಿಂದಲೇ ಹುಲ್ಲು ಮತ್ತೆ ಚಿಗುರಬೇಕು, ಆ ಹೊದಿಕೆಯಿಂದಲೇ ಮಳೆನೀರು ಹರಿದು ಹೋಗದೆ ಇಂಗಬೇಕು. ಅಂದರೆ ಆರು ಎಕರೆಯಿಂದ ನಿಮಗೆ ಸಿಗುವುದು 3,000 ಕೆಜಿ. 300 ಕೆಜಿ ತೂಕದ ಒಂದು ದನ ದಿನಕ್ಕೆ 7 ಕೆಜಿ ಒಣಮೇವಿನಷ್ಟು ತಿನ್ನುತ್ತದೆ, 25 ಕೆಜಿಯ ಕುರಿ ಒಂದು ಕೆಜಿಯ ಆಸುಪಾಸು. ನಿಮ್ಮಲ್ಲಿ ದನಕ್ಕೆ 28, ಕುರಿಗೆ 30, ಒಟ್ಟು ದಿನಕ್ಕೆ 58 ಕೆಜಿ. ನಿಂತ ಹುಲ್ಲು ಐವತ್ತು ದಿನಕ್ಕೆ ಮುಗಿಯಿತು. ಆಮೇಲೆ ಸಿಗುವುದೆಲ್ಲ ಹೊಸ ಚಿಗುರು. ಆ ಚಿಗುರಿಗೆ ಬಿಡುವು ಕೊಡುತ್ತೀರೋ ಇಲ್ಲವೋ ಎಂಬುದರ ಮೇಲೆ ಮುಂದಿನದು ನಿಂತಿದೆ.

ಈಗ ಆರೂ ಎಕರೆಗೆ ಒಟ್ಟಿಗೆ ಬಿಡುತ್ತಿದ್ದೀರಿ ಎಂದು ಪ್ರಶ್ನೆಯಿಂದ ತೋರುತ್ತದೆ. ಹೀಗೆ ಬಿಟ್ಟಾಗ ದನ ಇಡೀ ಬೀಳನ್ನು ಸಮನಾಗಿ ಮೇಯುವುದಿಲ್ಲ. ರುಚಿಯಾದ ಹುಲ್ಲನ್ನು ಹುಡುಕಿ ಕಚ್ಚುತ್ತದೆ, ನಾಲ್ಕೈದು ದಿನದಲ್ಲಿ ಅದೇ ಬುಡ ಚಿಗುರಿದಾಗ ಮತ್ತೆ ಅಲ್ಲಿಗೇ ಬರುತ್ತದೆ. ಎರಡನೆಯ, ಮೂರನೆಯ ಕಚ್ಚಿಗೆ ಬೇರು ಸೊರಗುತ್ತದೆ. ಎರಡು-ಮೂರು ವರ್ಷ ಹೀಗಾದರೆ ಒಳ್ಳೆಯ ಹುಲ್ಲು ಹೋಗಿ ಹಂಚಿಕಡ್ಡಿ, ತಂಗಡಿ ಉಳಿಯುತ್ತವೆ.

ಎಕರೆಗೊಂದರಂತೆ ಆರು ಪಾಲು ಮಾಡಿ. ಹುಲ್ಲು ಒಂದಡಿ ಬಂದ ಪಾಲಿಗೆ ಮೊದಲು ಬಿಡಿ, ನಾಲ್ಕು ಬೆರಳಿಗೆ ಇಳಿಯುತ್ತಿದ್ದಂತೆ ಹೊರಗೆ ತೆಗೆಯಿರಿ. ಒಂದು ಪಾಲಿನಲ್ಲಿ ಐದು ದಿನಕ್ಕಿಂತ ಹೆಚ್ಚು ಬೇಡ. ಲೆಕ್ಕದಲ್ಲಿ ಎಂಟು ದಿನದ ಮೇವು ಇದ್ದರೂ ಐದೇ ದಿನ, ಏಕೆಂದರೆ ಆರನೆಯ ದಿನ ಬಾಯಿ ಹೋಗುವುದು ಹೊಸ ಚಿಗುರಿಗೆ. ಹೀಗೆ ಸುತ್ತಿದರೆ ಪ್ರತಿ ಪಾಲಿಗೂ 25 ದಿನ ಬಿಡುವು ಸಿಗುತ್ತದೆ. ಮಳೆ ಚೆನ್ನಾಗಿರುವಾಗ ಇದು ನಡೆಯುತ್ತದೆ. ಮಳೆ ಕೈಕೊಟ್ಟರೆ 40–50 ದಿನ ಬೇಕು, ಆಗ ಎಲ್ಲರೂ ಮಾಡುವ ತಪ್ಪೆಂದರೆ ಅದೇ ಸುತ್ತನ್ನು ಬೇಗ ಬೇಗ ತಿರುಗಿಸುವುದು. ಹುಲ್ಲು ನಿಧಾನವಾದಾಗ ಹಿಂಡೂ ನಿಧಾನವಾಗಬೇಕು. ಆ ದಿನಗಳಿಗೆ ಬದುವಿನ ಹುಲ್ಲು, ಶೇಂಗಾ ಹೊಟ್ಟು, ಬಣವೆಯ ರಾಗಿಹುಲ್ಲು ಇವೆಯಲ್ಲ. ಹೊಲವೂ ಹಟ್ಟಿಯೂ ಒಟ್ಟಿಗಿರುವವರಿಗೆ ಇರುವ ಅನುಕೂಲವೇ ಇದು. ಅಕ್ಟೋಬರ್ ಕೊನೆಗೆ ರಾಗಿ, ಶೇಂಗಾ ಹೊಲ ಖಾಲಿಯಾಗುತ್ತಿದ್ದಂತೆ ಹಿಂಡನ್ನು ಅತ್ತ ಹೊರಳಿಸಿ, ಬೀಳಿನ ಹುಲ್ಲು ಬೀಜ ಉದುರಿಸಲಿ. ಪ್ರತಿ ವರ್ಷ ಒಂದು ಪಾಲನ್ನಾದರೂ ಪೂರ್ತಿ ಬೀಜಕ್ಕೆ ಬಿಡುವುದು ಒಳ್ಳೆಯದು, ವರ್ಷಕ್ಕೊಂದರಂತೆ ಬದಲಿಸಿಕೊಂಡು.

ಬೇಲಿಯ ಮಾತು. ಕುರಿಗೆ ಕಾಯುವವರೇ ಬೇಲಿ. ದನಕ್ಕೆ ಎರಡೂವರೆ ಅಡಿ ಎತ್ತರದಲ್ಲಿ ಒಂದೇ ತಂತಿಯ ಸೋಲಾರ್ ಬೇಲಿ ಸಾಕು, ಗೂಟ ಕಿತ್ತು ಜರುಗಿಸಬಹುದು. ಅದಕ್ಕೆಂದೇ ಬರುವ ಯಂತ್ರ ಒಂದೊಂದು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಮಿಡಿತ ಬಿಡುತ್ತದೆ. ಮನೆ ಕರೆಂಟನ್ನು ನೇರ ತಂತಿಗೆ ಕೊಟ್ಟರೆ ದನವೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ, ಅಪರಾಧ ಕೂಡ. ಶಾಶ್ವತವಾಗಿ ಬೇಕಿದ್ದರೆ ಕತ್ತಾಳೆ ಬೇಲಿ ಹಾಕಿ. ತಮಿಳುನಾಡಿನ ಕಾಂಗೇಯಂ ಸೀಮೆಯ ‘ಕೊರಂಗಾಡು’ ಹೀಗೆಯೇ ಇದೆ: ಮುಳ್ಳುಗಿಡದ ಜೀವಂತ ಬೇಲಿಯೊಳಗೆ ಅಂಜನ್ ಜಾತಿಯ ಹುಲ್ಲು, ನಡುನಡುವೆ ಬಿಳಿಜಾಲಿ ಮರ, ಪಾಲುಪಾಲಾಗಿ ಮೇಯುವ ದನ-ಕುರಿ. ನಮ್ಮ ಮಳೆಗಿಂತ ಅಲ್ಲಿಯ ಮಳೆಯೇನೂ ಹೆಚ್ಚಲ್ಲ.

ಪ್ರಶ್ನೆ: ಬೋಳಾದ ಬೀಳಿಗೆ ಅಂಜನ್ ಹುಲ್ಲು, ಸ್ಟೈಲೋ (ದ್ವಿದಳ ಜಾತಿಯ ಮೇವಿನ ಗಿಡ) ಬಿತ್ತಿದೆವು. ಸರಿಯಾಗಿ ಹುಟ್ಟಲಿಲ್ಲ. ಬೀಜ ಕೆಟ್ಟದ್ದೇ?
— ಚಳ್ಳಕೆರೆ ತಾಲ್ಲೂಕಿನ ಓದುಗರು

ಉತ್ತರ: ಬೀಜಕ್ಕಿಂತ ಬಿತ್ತನೆಯ ಮೇಲೇ ಅನುಮಾನ. ಅಂಜನ್‌ನ ಹೊಸ ಬೀಜಕ್ಕೆ ನಿದ್ರಾವಸ್ಥೆ ಇರುತ್ತದೆ, ಹಿಂದಿನ ವರ್ಷದ್ದೇ ಚೆನ್ನಾಗಿ ಮೊಳೆಯುತ್ತದೆ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ತಣ್ಣೀರಿಗೆ ಹಾಕಿ, ನೆರಳಲ್ಲಿ ಆರಿಸಿ. ಕುದಿಯುವ ನೀರು ಬೇಡ. ಎಕರೆಗೆ ಅಂಜನ್ 2 ಕೆಜಿ, ಸ್ಟೈಲೋ 3 ಕೆಜಿ ಸಾಕು. ಅಂಜನ್ ಬೀಜ ತುಪ್ಪಳದಂತೆ ಹಗುರ, ಗಾಳಿಗೆ ಹಾರುತ್ತದೆ, ಹಸಿಮಣ್ಣಿನಲ್ಲಿ ಕಲಸಿ ಎರಚಿ. ಕುಂಟೆ ಹೊಡೆದು ಮುಚ್ಚಿದರೆ ಆಳಕ್ಕೆ ಹೋಗಿ ಸಾಯುತ್ತದೆ. ಮೇಲೆ ಮುಳ್ಳುಕಂಟಿ ಎಳೆದರೆ ಸಾಕು, ಒಂದು ಸೆಂಟಿಮೀಟರ್ ಮಣ್ಣು ದಾಟಬಾರದು. ಸ್ಟೈಲೋಗೆ ರಂಜಕ ಬೇಕು: ಎಕರೆಗೆ ಎರಡು ಚೀಲ ಸೂಪರ್ ಫಾಸ್ಫೇಟ್. ಮೊದಲ ವರ್ಷ ದನ ಬಿಡಲೇಬೇಡಿ, ಎಳೆಯ ಬುಡ ಬೇರು ಸಮೇತ ಕಿತ್ತು ಬರುತ್ತದೆ. ಬೀಜ ಉದುರಿದ ಮೇಲೆ ಕೊಯ್ದು ಹಾಕಿ. ಬೀಜದ ತಳಿಗಳ ಬಗ್ಗೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನು ವಿಚಾರಿಸಬಹುದು.

ಪ್ರಶ್ನೆ: ಜೋಳ ಕೊಯ್ದ ಹೊಲದಲ್ಲಿ ಮಳೆ ಬಿದ್ದು ಕೂಳೆ ಚಿಗುರಿದೆ. ಪಕ್ಕದವರ ಎರಡು ಎತ್ತು ಮೇದು ಅರ್ಧ ಗಂಟೆಯಲ್ಲಿ ಸತ್ತವು. ನಾವು ಯಾವಾಗ ಬಿಡಬಹುದು?
— ನರಗುಂದ ತಾಲ್ಲೂಕಿನ ಓದುಗರು

ಉತ್ತರ: ಗೇಣುದ್ದದ ಹಸಿರು ಕೂಳೆಗೆ ಯಾವ ದನವನ್ನೂ ಬಿಡಬೇಡಿ. ಎಳೆಯ ಜೋಳದಲ್ಲಿರುವ ‘ಧುರಿನ್’ ಎಂಬ ವಸ್ತು ಜಗಿದಾಗ ಒಡೆದು ಸಯನೈಡ್ ಆಗುತ್ತದೆ. ಕೂಳೆ ಚಿಗುರು, 45–50 ದಿನದೊಳಗಿನ ಬೆಳೆ, ಬರಕ್ಕೆ ಬಾಡಿದ ಬೆಳೆ, ಈ ಮೂರರಲ್ಲೂ ಅಪಾಯ ಹೆಚ್ಚು. ಬಾಡಿ ನಿಂತ ಜೋಳಕ್ಕೆ ಮಳೆ ಬಿದ್ದೊಡನೆ ‘ಹಸಿರಾಯಿತು’ ಎಂದು ಬಿಡುವುದು ಇನ್ನೂ ಕೆಟ್ಟದ್ದು. ಚಿಗುರು ಎರಡೂವರೆ ಅಡಿ ದಾಟುವವರೆಗೆ ಕಾಯಿರಿ. ಬೇಗ ಬೇಕೇಬೇಕೆಂದರೆ ಕೊಯ್ದು ಪೂರ್ತಿ ಒಣಗಿಸಿ ಹಾಕಿ. ವಿಷ ಬಹುಪಾಲು ಆವಿಯಾಗಿ ಹೋಗುತ್ತದೆ. ಅರೆಬರೆ ಬಾಡಿಸಿ ಹಾಕಿದರೆ ಪ್ರಯೋಜನವಿಲ್ಲ. ಯೂರಿಯಾ ಜಾಸ್ತಿ ಬಿದ್ದ ಬೆಳೆಯಲ್ಲಿ ಸೇರುವ ನೈಟ್ರೇಟ್ ಮಾತ್ರ ಒಣಗಿಸಿದರೂ ಹೋಗುವುದಿಲ್ಲ, ಅದು ಬೇರೆ ವಿಷ.

ಹಸಿದ ದನ ಗಬಗಬನೆ ತಿನ್ನುವುದರಿಂದ ಒಮ್ಮೆಗೇ ಹೆಚ್ಚು ವಿಷ ಒಳಗೆ ಹೋಗುತ್ತದೆ. ಹೀಗಾಗಿ ಬಿಡುವ ಮೊದಲ ವಾರ ಕಣಿಕೆ ತಿನ್ನಿಸಿ ಹೊಟ್ಟೆ ತುಂಬಿಸಿಯೇ ಬಿಡಿ. ಏದುಸಿರು, ಬಾಯಲ್ಲಿ ನೊರೆ, ತೂರಾಟ, ಕಣ್ಣಿನ ಒಳಪದರ ಕಡುಗೆಂಪು ಕಂಡರೆ ಕೂಡಲೇ ವೈದ್ಯರಿಗೆ ‘ಜೋಳದ ವಿಷ’ ಎಂದೇ ಹೇಳಿ ಕರೆಯಿರಿ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟನ್ನು ರಕ್ತನಾಳಕ್ಕೆ ಕೊಟ್ಟರೆ ಬದುಕುತ್ತವೆ, ಆದರೆ ಸಮಯ ನಿಮಿಷಗಳ ಲೆಕ್ಕದಲ್ಲಿರುತ್ತದೆ. ಬಿದ್ದ ದನದ ಬಾಯಿಗೆ ಮಜ್ಜಿಗೆ, ಬೆಲ್ಲದ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಪ್ರಶ್ನೆ: ಯಂತ್ರದಲ್ಲಿ ಕೊಯ್ಲಾದ ಮೆಕ್ಕೆಜೋಳದ ಹೊಲಕ್ಕೆ ಕುರಿ ಬಿಟ್ಟ ಮರುದಿನವೇ ಮೂರು ಸತ್ತವು. ಹೊಲಕ್ಕೆ ಔಷಧಿ ಹೊಡೆದಿರಲಿಲ್ಲ.
— ಹರಪನಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಮರಣೋತ್ತರ ಪರೀಕ್ಷೆಯಿಲ್ಲದೆ ಖಚಿತ ಹೇಳಲಾಗದು, ಆದರೆ ಲಕ್ಷಣ ಕಾಳಿನ ಕಡೆಗೇ ಇದೆ. ರೂಢಿಯಿಲ್ಲದ ಕುರಿ ಅರ್ಧ ಕೆಜಿ ಕಾಳು ಆಯ್ದು ತಿಂದರೂ ದೊಡ್ಡ ಹೊಟ್ಟೆಯಲ್ಲಿ ಪಿಷ್ಟ ಹುಳಿತು ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಅದು ರಕ್ತದ ನೀರನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಮಂಕು, ಮೆಲುಕು ನಿಲ್ಲುವುದು, ಹೊಟ್ಟೆ ಅಲುಗಿಸಿದರೆ ನೀರಿನ ಸದ್ದು, ಹುಳಿ ವಾಸನೆಯ ತೆಳು ಹಿಕ್ಕೆ ಇದರ ಗುರುತು. ಯಾವ ಮುನ್ಸೂಚನೆಯೂ ಇಲ್ಲದೆ ಹಿಂಡಿನ ದಷ್ಟಪುಷ್ಟ ಮರಿಗಳೇ ಮೊದಲು ಸತ್ತಿದ್ದರೆ ಕರುಳು ನಂಜು ರೋಗ. ಅದಕ್ಕೂ ಕಾಳೇ ಕಾರಣ, ರೋಗಾಣು ಕರುಳಿನಲ್ಲಿ ಮೊದಲೇ ಇರುತ್ತದೆ.

ಮುಂದಿನ ಸಲ ಬಿಡುವ ಮೊದಲು ಹತ್ತು ಮೀಟರ್ ಚೌಕದಲ್ಲಿ ಬಿದ್ದ ತೆನೆ ಎಣಿಸಿ. ಇಪ್ಪತ್ತು ಸಿಕ್ಕರೆ, ತೆನೆಗೆ ನೂರು ಗ್ರಾಂ ಕಾಳಿನ ಲೆಕ್ಕದಲ್ಲಿ ಎಕರೆಗೆ 80 ಕೆಜಿ ಕಾಳು ಬಿದ್ದಿದೆ ಎಂದರ್ಥ. ಆರಿಸಿಕೊಂಡರೆ ನಿಮಗೂ ಲಾಭ, ಕುರಿಗೂ ಕ್ಷೇಮ. ಮೊದಲ ದಿನ ಒಣಹುಲ್ಲು ತಿನ್ನಿಸಿ ಅರ್ಧ ಗಂಟೆ ಮಾತ್ರ ಬಿಡಿ, ದಿನಕ್ಕೆ ಅರ್ಧ ಗಂಟೆಯಂತೆ ಏರಿಸುತ್ತ ಹತ್ತು-ಹನ್ನೆರಡು ದಿನಕ್ಕೆ ಪೂರ್ತಿ ದಿನಕ್ಕೆ ಬನ್ನಿ. ಇಡೀ ಹೊಲ ಒಮ್ಮೆಗೇ ಬಿಡದೆ ಪಟ್ಟೆ ಪಟ್ಟೆಯಾಗಿ ಬಿಡಿ. ಇಲ್ಲದಿದ್ದರೆ ಎರಡೇ ದಿನದಲ್ಲಿ ಕಾಳೆಲ್ಲ ಮುಗಿದು, ಆಮೇಲೆ ಬರೀ ದಂಟು ಉಳಿಯುತ್ತದೆ. ಮಂಕಾದ ಕುರಿಗೆ 15–20 ಗ್ರಾಂ ಅಡುಗೆ ಸೋಡಾ ಅರ್ಧ ಲೀಟರ್ ನೀರಿನಲ್ಲಿ, ತಲೆ ಹೆಚ್ಚು ಎತ್ತದೆ, ನಿಧಾನವಾಗಿ ಕುಡಿಸಿ, ಒಣಹುಲ್ಲು ಮಾತ್ರ ಹಾಕಿ ವೈದ್ಯರನ್ನು ಕರೆಯಿರಿ. ಕರುಳು ನಂಜಿನ ಲಸಿಕೆ ಮೊದಲ ಸಲವಾದರೆ ಎರಡು-ಮೂರು ವಾರದ ಅಂತರದಲ್ಲಿ ಎರಡು ಬಾರಿ ಬೇಕು. ನವೆಂಬರಿನಲ್ಲಿ ಬಿಡುವವರು ಸೆಪ್ಟೆಂಬರ್ ಕೊನೆಗೇ ಶುರು ಮಾಡಬೇಕು.

ಪ್ರಶ್ನೆ: ತಿಂಗಳಿಗೊಮ್ಮೆ ಜಂತಿನ ಔಷಧಿ ಕುಡಿಸಿದರೂ ಕುರಿಗಳ ಗದ್ದದ ಕೆಳಗೆ ನೀರು ತುಂಬುತ್ತದೆ.
— ಶಿರಾ ತಾಲ್ಲೂಕಿನ ಓದುಗರು

ಉತ್ತರ: ತಿಂಗಳಿಗೊಮ್ಮೆ ಕುಡಿಸುವುದೇ ತೊಂದರೆಯ ಒಂದು ಭಾಗ. ಒಂದೇ ಔಷಧಿ, ಅದೂ ಅಂದಾಜಿನ ಕಡಿಮೆ ಪ್ರಮಾಣದಲ್ಲಿ, ಪದೇ ಪದೇ ಕೊಟ್ಟರೆ ತಡೆದುಕೊಳ್ಳುವ ಹುಳುಗಳೇ ಉಳಿದು ಹೆಚ್ಚುತ್ತವೆ. ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿ: ಕೆಂಪಾಗಿದ್ದರೆ ಬಿಡಿ, ಬಿಳಿಚಿದ್ದರೆ ಕೊಡಿ. ತೂಗಿ ಕೊಡಿ; ಹಿಂಡಿಗೆಲ್ಲ ಒಂದೇ ಅಳತೆಯಾದರೆ ಅತಿ ತೂಕದ ಕುರಿಯನ್ನು ಅಳತೆಗೆ ಹಿಡಿಯಿರಿ. ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷಿಸಿ, ಕೊಟ್ಟ ಎರಡು ವಾರದ ನಂತರ ಮತ್ತೊಮ್ಮೆ ನೋಡಿಸಿದರೆ ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಕೆರೆಯಂಗಳದಲ್ಲಿ ಮೇಯುವ ಹಿಂಡಾದರೆ ಯಕೃತ್ತಿನ ಚಪ್ಪಟೆ ಹುಳು ಇರಬಹುದು, ಅದಕ್ಕೆ ಬೇರೆ ಔಷಧಿ. ಮರಿಹುಳುಗಳು ಮಂಜಿನ ತೇವದಲ್ಲಿ ಹುಲ್ಲಿನ ಬುಡದಿಂದ ಮೇಲೇರುತ್ತವೆ. ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ ಬಿಡಿ, ನೆಲಕ್ಕೆ ಹತ್ತಿ ಮೇಯಿಸಬೇಡಿ. ಹಿರಿಯೂರಿನವರಿಗೆ ಹೇಳಿದ ನಾಲ್ಕು ಬೆರಳಿನ ಮಿತಿ ಹುಲ್ಲಿನಷ್ಟೇ ಕುರಿಯ ಹೊಟ್ಟೆಗೂ ಬೇಕು.

ಪ್ರಶ್ನೆ: ಎಕರೆ ಹೊಲಕ್ಕೆ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದಾದರೆ ಎಷ್ಟು ರಾತ್ರಿ?
— ಕುಷ್ಟಗಿ ತಾಲ್ಲೂಕಿನ ಓದುಗರು

ಉತ್ತರ: ನಾನೂರು ಕುರಿಯ ಮಂದೆ ಮಲಗಲು 500 ಚದರ ಮೀಟರ್ ಹಿಡಿಯುತ್ತದೆ, ದಿನಾ ಜಾಗ ಬದಲಿಸಿದರೆ ಎಕರೆಗೆ ಎಂಟು ರಾತ್ರಿ. ಹಿಕ್ಕೆಗಿಂತ ಗಂಜಳದ ಬೆಲೆ ಹೆಚ್ಚು, ಅದು ಬಿಸಿಲಿಗೆ ಆವಿಯಾಗುವ ಮೊದಲೇ ಮೇಲ್ಮೇಲೆ ಕುಂಟೆ ಹೊಡೆಯಿರಿ. ಮಾತು ಮುಗಿಸುವ ಮೊದಲು ಮಂದೆ ಹಿಂದಿನ ವಾರ ಎಲ್ಲಿ ಮೇದಿತ್ತು ಎಂದು ಕೇಳಿ. ಬಳ್ಳಾರಿ ಜಾಲಿಯ ಕಾಯಿ ತಿಂದು ಬಂದಿದ್ದರೆ ಬೀಜ ಹಿಕ್ಕೆಯಲ್ಲೇ ನಿಮ್ಮ ಹೊಲಕ್ಕೆ ಇಳಿದು ಮಳೆಗೆ ಮೊಳೆಯುತ್ತದೆ. ಅಂಥ ಮಂದೆಯನ್ನು ಒಂದು ವಾರ ಬೇರೆ ಮೇವಿನ ಮೇಲೆ ಇದ್ದ ನಂತರವೇ ಕರೆಸಿ.